ಎತ್ತಿನ ಮೋಟಾರಿನಲ್ಲಿ ಸಮುದ್ರದವರೆಗೆ

ಇಚಲಕರಂಜಿಯ ಭೂಪಾಲನಿಗೆ ಮದುವೆಯಾಗಿ ಇಪ್ಪತ್ತೆರಡು ವರ್ಷಗಳಾಗಿದ್ದವು. ಹೆಂಡತಿಯೊಡನೆ ನೆಟ್ಟಗೆ ಕೂತು ಮಾತಾಡಿ ಎಷ್ಟು ವರ್ಷವಾಯಿತೆಂದು ಮಾತ್ರ ಅವನಿಗೆ ನೆನಪಿರಲಿಲ್ಲ.

ಗಂಡಹೆಂಡಿರಲ್ಲಿ ಜಗಳವಿತ್ತು ಎಂದು ತಿಳಿಯಬೇಡಿ. ಜಗಳಕ್ಕೂ ಒಂದಿಷ್ಟು ಏಕಾಂತ ಬೇಕಲ್ಲ! ಆ ಮನೆಯಲ್ಲಿ ಹತ್ತೊಂಬತ್ತು ಜನ. ತಾಯಿ ಗೌರವ್ವ, ಇಬ್ಬರು ತಮ್ಮಂದಿರು, ಅವರ ಹೆಂಡಿರು, ಮಕ್ಕಳು, ಒಬ್ಬಳು ವಿಧವೆ ಅತ್ತೆ. ಹಿತ್ತಲಲ್ಲಿ ನಾಲ್ಕು ಯಂತ್ರದ ಮಗ್ಗಗಳು ಮುಂಜಾನೆಯಿಂದ ಸಂಜೆಯವರೆಗೆ ಖಟಾಖಟ್ ಎಂದು ಸೀರೆ ನೇಯುತ್ತಿದ್ದವು. ಅವುಗಳ ಸದ್ದಿನಲ್ಲಿ 'ಉಪ್ಪು ಕೊಡು' ಎನ್ನಬೇಕಾದರೂ ಓಣಿಗೆಲ್ಲ ಕೇಳುವಂತೆ ಒದರಬೇಕು. ಮಗ್ಗ ನಿಂತಿತೆಂದರೆ ಮನೆಯ ಹತ್ತೊಂಬತ್ತೂ ಜನರ ಕಿವಿ ನೆಟ್ಟಗಾಗುತ್ತಿದ್ದವು. (ಹಾಗಿದ್ದರೆ ನಾಲ್ಕು ಮಕ್ಕಳು ಹೇಗಾದವು ಎಂದು ಕೇಳಬೇಡಿ. ಅದಕ್ಕೆ ಮಾತು ಬೇಕಾಗುವುದಿಲ್ಲ.)

ಭೂಪಾಲನ ಹೊಟ್ಟೆಯೊಳಗೆ ಒಂದು ಪ್ರಶ್ನೆ ಇಪ್ಪತ್ತೆರಡು ವರ್ಷದಿಂದ ಕೂತಿತ್ತು. ದತ್ತವಾಡದಲ್ಲಿ ಹೆಣ್ಣು ನೋಡಲು ಹೋದಾಗ ಚಂಪಾಬಾಯಿ ತಲೆ ಎತ್ತಿರಲಿಲ್ಲ. ಅವನು ಕಂಡದ್ದು ಎರಡು ಪಾದ ಮತ್ತು ನಡುಗುತ್ತಿದ್ದ ಒಂದು ಫಳಾರದ ತಟ್ಟೆ. "ಹುಡುಗಿಗೆ ಪಸಂದ ಐತ್ರಿ" ಎಂದು ಹೇಳಿದವನು ಅವಳ ಅಪ್ಪ. ಅದು ಮಗಳ ಮಾತೋ, ಅಪ್ಪನ ಮಾತೋ? ಇಷ್ಟೇ ಪ್ರಶ್ನೆ. ಕೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಇಚಲಕರಂಜಿಯಲ್ಲಿ ಸಿಕ್ಕಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರ ದೀಪಾವಳಿಗೆ ಮುಂಬೈಯಿಂದ ನೂಲು ಮಾರಲು ಬಂದವನೊಬ್ಬ ಒಂದು ಸುದ್ದಿ ತಂದ. ವಿಲಾಯತಿಯಲ್ಲಿ ಸಾಹೇಬ ಮತ್ತು ಮಡ್ಡಮ್ಮ ಮನೆಯಂಥ ಮೋಟಾರು ಮಾಡಿಕೊಂಡು, ಅದರಲ್ಲೇ ಉಂಡು, ಅದರಲ್ಲೇ ಮಲಗಿ, ಸಮುದ್ರದ ದಂಡೆಗುಂಟ ತಿಂಗಳುಗಟ್ಟಲೆ ತಿರುಗುತ್ತಾರಂತೆ. ಅದರ ಹೆಸರು ಕಾರವಾನ್.

"ಇಬ್ಬರ ಏನ?" ಎಂದು ಕೇಳಿದ ಭೂಪಾಲ.

"ಇಬ್ಬರೇ."

"ಅವರ ಅವ್ವ?"

"ಮನಿಯಾಗ."

ಭೂಪಾಲನ ಕಣ್ಣಮುಂದೆ ಸ್ವರ್ಗದ ಬಾಗಿಲು ತೆರೆದು, ಗಾಳಿಗೆ ಮತ್ತೆ ಮುಚ್ಚಿಕೊಂಡಿತು. ಮೋಟಾರು ಕೊಳ್ಳುವ ತಾಕತ್ತು ಅವನಿಗಿರಲಿಲ್ಲ. ಆದರೆ ಊರ ಹೊರಗೆ ಎಂಜಿನ್ ಸತ್ತ ಹಳೆಯ ಸರ್ವಿಸ್ ಬಸ್ಸೊಂದು ಎರಡು ವರ್ಷದಿಂದ ಬಿದ್ದಿತ್ತು. ಅದರೊಳಗೆ ಕೋಳಿಗಳು ಮೊದಲನೇ ದರ್ಜೆಯ ಪ್ರಯಾಣ ಮಾಡುತ್ತಿದ್ದವು. ಭೂಪಾಲ ಅದನ್ನು ತಂದ. ಎಂಜಿನ್ ಕಿತ್ತ ಜಾಗಕ್ಕೆ ಬಡಿಗೇರನಿಂದ ಎತ್ತಿನ ಗಾಡಿಯ ಈಸುಮರ ಕೂಡಿಸಿ ನೊಗ ಕಟ್ಟಿಸಿದ. ಒಳಗೆ ಮಂಚ, ಒಲೆ, ಜಿನದೇವರ ಮೂರ್ತಿಗೆ ಒಂದು ಗೂಡು. ಸ್ಟೇರಿಂಗು ಹಾಗೇ ಉಳಿಯಿತು. ಒಡೆದ ಗಾಜಿನೊಳಗಿಂದ ಹಗ್ಗಗಳು ಹೊರಗೆ ಹೋಗಿ ರಾಜ್ಯಾ, ಸರಜ್ಯಾ ಎಂಬ ಎರಡು ಎತ್ತುಗಳ ಮೂಗಿಗೆ ಸೇರಿದವು. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಸ್ಟೇರಿಂಗು. ಭೂಪಾಲ ಕೂತರೆ ಸಾಕ್ಷಾತ್ ಪುಷ್ಪಕವಿಮಾನದ ಡ್ರೈವರನ ಹಾಗೆ ಕಾಣುತ್ತಿದ್ದ. ಊರು ಅದಕ್ಕೆ 'ಎತ್ತಿನ ಮೋಟಾರು' ಎಂದು ನಾಮಕರಣ ಮಾಡಿತು.

ಗಾಡಿ ಸಿದ್ಧವಾಯಿತು. ಇನ್ನುಳಿದದ್ದು ಉಳಿದ ಹದಿನೇಳು ಜನರನ್ನು ಅದರಿಂದ ಹೊರಗಿಡುವ ಕೆಲಸ. ಯಾತ್ರೆ ಎಂದರೆ ತಾಯಿ ಮೊದಲು ಹತ್ತಿ ಕೂರುತ್ತಾಳೆ. ವ್ಯಾಪಾರ ಎಂದರೆ ತಮ್ಮಂದಿರು ಬರುತ್ತಾರೆ. ಭೂಪಾಲ ಒಂದು ವಾರ ಯೋಚಿಸಿ, ಎಲ್ಲರೂ ಊಟಕ್ಕೆ ಕೂತಾಗ ಘೋಷಿಸಿದ.

"ಕೊಲ್ಲಾಪುರದ ಡಾಕ್ಟರ ಹೇಳ್ಯಾನ. ಇಕೀಗೆ ದಮ್ಮಿನ ಬ್ಯಾನಿ ಐತಂತ. ಸಮುದ್ರದ ಗಾಳಿ ಕುಡಸಬೇಕಂತ."

ಬಡಿಸುತ್ತಿದ್ದ ಚಂಪಾಬಾಯಿಯ ಸೌಟು ನಿಂತಿತು. ಅವಳು ಎರಡು ಕೊಡ ನೀರು ಹೊತ್ತು ಒಂದೇ ಉಸಿರಿಗೆ ಮಾಳಿಗೆ ಹತ್ತುವ ಹೆಂಗಸು. "ನನಗ್ಯಾವಾಗರೀ ದಮ್ಮ ಬಂತು? ಡಾಕ್ಟರ ನನ್ನ ಮಾರಿ ನೋಡಿದ್ದರ ಯಾವಾಗ?"

"ನೀ ನೋಡದಾಗ ನೋಡ್ಯಾನ. ಕೆಮ್ಮು."

"ಆಂ?"

"ಕೆಮ್ಮ ಅಂದೆ!" ಎಂದು ಭೂಪಾಲ ಹಲ್ಲು ಕಚ್ಚಿ ಕಣ್ಣು ಮಿಟುಕಿಸಿದ. ಗಂಡ ತನಗೆ ಕಣ್ಣು ಹೊಡೆದದ್ದು ಮದುವೆಯಾದ ಮೇಲೆ ಅದೇ ಮೊದಲು. ಚಂಪಾಬಾಯಿ ಗಾಬರಿಯಲ್ಲಿ ನಿಜವಾಗಿಯೂ ಕೆಮ್ಮಿದಳು.

ಗೌರವ್ವ ತುತ್ತು ಕೆಳಗಿಟ್ಟಳು. "ಸಮುದ್ರದ ಗಾಳ್ಯಾಗ ಮೀನದ ವಾಸ್ನಿ ಇರ್ತೈತ್ಯಪಾ. ಜೈನರ ಹೊಟ್ಟಿಯೊಳಗ ಆ ಗಾಳಿ ಹೋದ್ರ ವ್ರತ ಉಳೀತೈತೇನ?"

"ಮೂಗು ಹಿಡಕೊಂಡು ಉಸರಾಡ್ತಾಳ ಬಿಡವ್ವ."

"ಎತ್ತು ಜ್ವಾಕಿ," ಎಂದಳು ಗೌರವ್ವ. ಸೊಸೆಯ ವಿಷಯ ಅಲ್ಲಿಗೆ ಮುಗಿಯಿತು. ರಾಜ್ಯಾ ಸರಜ್ಯಾರನ್ನು ಕರುಗಳಾಗಿದ್ದಾಗಿನಿಂದ ಅವಳೇ ಕೈಯಾರೆ ಸಾಕಿದ್ದಳು.

ಮಾಘ ಮಾಸದ ಒಂದು ಮುಂಜಾನೆ ಎತ್ತಿನ ಮೋಟಾರು ಹೊರಟಿತು. ಊರ ಅಗಸೆಬಾಗಿಲು ದಾಟಿದ ಕೂಡಲೇ ಪ್ರಶ್ನೆ ಕೇಳಿಬಿಡುವುದೆಂದು ಭೂಪಾಲ ನಿಶ್ಚಯಿಸಿದ್ದ. ಅಗಸೆ ದಾಟಿದರೆ ಹಿಂದೆ ಮಕ್ಕಳ ಹಿಂಡು. ಹಿಂಡು ಕರಗಿದರೆ ಪಕ್ಕದಲ್ಲಿ ಸೈಕಲ್ ಮೇಲೊಬ್ಬ ಮಾಸ್ತರ. ಅವನು ನಾಲ್ಕು ಮೈಲಿ ಜೊತೆಗೇ ಬಂದು ಈ ವಾಹನ ಎಷ್ಟು ಕುದುರೆಯ ಬಲದ್ದೆಂದು ವಿಚಾರಿಸಿದ. "ಎರಡು ಎತ್ತಿನ ಬಲದ್ದರಿ," ಎಂದ ಭೂಪಾಲ.

ಕೊಲ್ಲಾಪುರದಲ್ಲಿ ಚಂಪಾಬಾಯಿಯ ಅಕ್ಕ ರತ್ನಮಾಲಾ ಇದ್ದಳು. ಮನೆಯ ಮುಂದಿನಿಂದ ಹಾದು ಹೋಗಿ ಇಳಿಯದಿದ್ದರೆ ಏಳು ಜನ್ಮದ ವೈರ. ಇಳಿದರು. ಹೆಂಗಸರು ಚಂಪಾಬಾಯಿಯನ್ನು ಒಳಗೆ ಕರೆದೊಯ್ದರು. ಗಂಡಸರು ಭೂಪಾಲನನ್ನು ಪಡಸಾಲೆಯಲ್ಲಿ ಕೂರಿಸಿ ನೂಲಿನ ಧಾರಣೆ ಕೇಳಿದರು. ಎರಡು ದಿನ ಕಳೆಯಿತು. ಕಾಗಲದಲ್ಲಿ ರತ್ನಮಾಲಾಳ ಬೀಗರು, ಒಂದು ದಿನ. ಗಡಹಿಂಗ್ಲಜದಲ್ಲಿ ಭೂಪಾಲನ ಸೋದರಮಾವ ಕಾಕಾಸಾಹೇಬ ದಾರಿಗೆ ಅಡ್ಡ ನಿಂತೇ ಸ್ವಾಗತಿಸಿದ.

"ಸಮುದ್ರ ಎಲ್ಲಿ ಓಡಿ ಹೊಕ್ಕೈತ್ಯೋ? ಅದೇನ ಮೋಟಾರ ಏನ, ಹೊತ್ತಿಗೆ ಬಿಡಾಕ? ಮೂರ ದಿವಸ ಇರಬೇಕ."

ಇದ್ದರು. ಮೂರು ದಿನವೂ ಭೂಪಾಲ ಹೆಂಡತಿಯನ್ನು ಕಂಡದ್ದು ಬಡಿಸುವಾಗ, ಅದೂ ಮುಂಗೈವರೆಗೆ. ವಿಲಾಯತಿ ಸಾಹೇಬನಿಗೆ ಸೋದರಮಾವ ಇರಲಿಕ್ಕಿಲ್ಲ ಎಂದು ಅವನು ಪಡಸಾಲೆಯ ಕಂಬಕ್ಕೆ ಒರಗಿ ನಿಟ್ಟುಸಿರು ಬಿಟ್ಟ.

ಕಡೆಗೆ ಆಜರೆ ದಾಟಿದ ಮೇಲೆ ನೆಂಟರು ಮುಗಿದರು, ಕಾಡು ಶುರುವಾಯಿತು. ದಾರಿಯಲ್ಲಿ ನರಪಿಳ್ಳೆ ಇಲ್ಲ. ಹೆಂಡತಿ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಭೂಪಾಲ ಗಂಟಲು ಸರಿಮಾಡಿಕೊಂಡ.

"ರಾಜ್ಯಾ ಸ್ವಲ್ಪ ಎಡಕ್ಕ ಎಳ್ಯಾಕತ್ತಾನ," ಎಂದ.

"ಹೌದ್ರಿ," ಎಂದಳು ಚಂಪಾಬಾಯಿ.

ಒಂದು ಮೈಲಿ ಹೋಯಿತು.

"ಸರಜ್ಯಾ ನೆಟ್ಟಗದಾನ."

"ಹೌದ್ರಿ, ಅಂವ ನೆಟ್ಟಗದಾನ."

ಇಪ್ಪತ್ತೆರಡು ವರ್ಷ ಮಾತಾಡಲು ತಾವಿಲ್ಲ ಎಂದು ಕೊರಗಿದವನಿಗೆ ಈಗ ತಾವು ಸಿಕ್ಕಿತ್ತು, ಮಾತಿರಲಿಲ್ಲ. ಹತ್ತೊಂಬತ್ತು ಜನರ ಗದ್ದಲದಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಎಷ್ಟು ಅಪರಿಚಿತರಾಗಿದ್ದರೆಂದರೆ, ಆ ದಿನ ಹೊತ್ತು ಮುಳುಗುವ ಮುಂಚೆ ಗಿಡದ ಕೆಳಗೆ ಊಟಕ್ಕೆ ಕೂತಾಗ ಚಂಪಾಬಾಯಿ ಅಭ್ಯಾಸಬಲದಿಂದ ಅವನ ಕಡೆ ಅರ್ಧ ಬೆನ್ನು ತಿರುಗಿಸಿಕೊಂಡೇ ರೊಟ್ಟಿ ಮುರಿದಳು. ಭೂಪಾಲ ಆ ಬೆನ್ನನ್ನು ನೋಡುತ್ತ ಕೂತ. ಕುಪ್ಪಸದ ಹೊಲಿಗೆ ಭುಜದ ಬಳಿ ಬಿಟ್ಟಿತ್ತು. ತನ್ನ ಮಗ್ಗದಿಂದ ಊರಿಗೆಲ್ಲ ಸೀರೆ ಹೋಗುತ್ತವೆ, ಇವಳಿಗೊಂದು ಹೊಸ ಕುಪ್ಪಸ ಹೊಲಿಸಿದ್ದು ಯಾವಾಗ ಎಂದು ಎಣಿಸಲು ಹೋಗಿ ಬಿಟ್ಟುಬಿಟ್ಟ.

ಅಂಬೋಲಿ ಘಾಟು ಅವರ ಬಾಯಿ ಬಿಡಿಸಿತು. ಇಳಿಜಾರಿನಲ್ಲಿ ಗಾಡಿ ಓಡದಂತೆ ಹಿಂದೆ ಒಂದು ದಿಮ್ಮಿ ಕಟ್ಟಿದ್ದರು. ಚಂಪಾಬಾಯಿ ಎರಡು ಕೈಯಲ್ಲಿ ಕಲ್ಲು ಹಿಡಿದು ಗಾಲಿಯ ಪಕ್ಕದಲ್ಲಿ ನಡೆಯುತ್ತಿದ್ದಳು.

"ಕಲ್ಲ ಇಡ! ಇಡ! ಆ ಗಾಲಿಗೆ ಅಲ್ಲ, ಈ ಗಾಲಿಗೆ!"

"ಯಾವ ಗಾಲಿ ಅಂತ ಹೆಸರ ಹಿಡದ ಹೇಳ್ರಿ! ನಾಕ ಅದಾವ!"

"ಎಡಗಡೀದು!"

"ನಿಮ್ಮ ಎಡಾನೋ ನನ್ನ ಎಡಾನೋ?"

"ಗಂಡನ ಎಡಾನ ಹೆಂಡ್ತಿ ಎಡ!"

"ಹಂಗಾರ ಗಂಡನ ಬಂದು ಕಲ್ಲ ಇಡಲಿ!" ಎಂದು ಚಂಪಾಬಾಯಿ ಕಲ್ಲು ಎಸೆದು ದಾರಿಯ ಮಧ್ಯೆ ಕೂತುಬಿಟ್ಟಳು. ಭೂಪಾಲ ಇಳಿದು ಬಂದ. ಸೊಂಟದ ಮೇಲೆ ಕೈಯಿಟ್ಟು ಒದರಿದ. ಅವಳೂ ಒದರಿದಳು. ಕಣಿವೆ ಇಬ್ಬರ ಮಾತನ್ನೂ ಎರಡೆರಡು ಸಲ ತಿರುಗಿ ಹೇಳಿತು. ಹೀಗೆ ಅವರ ದಾಂಪತ್ಯದ ಮೊದಲ ಪೂರ್ಣಪ್ರಮಾಣದ ಜಗಳ, ಯಾರೂ ನಡುವೆ ಬಾಯಿ ಹಾಕದೆ, ಸಾಂಗವಾಗಿ ನೆರವೇರಿತು. ಮುಗಿದ ಮೇಲೆ ಇಬ್ಬರಿಗೂ ಭಾಳ ಹಗುರೆನಿಸಿತು.

ಆಮೇಲೆ ಮಾತು ನಿಲ್ಲಲಿಲ್ಲ. ಸಾವಂತವಾಡಿ ದಾಟಿ ವೆಂಗುರ್ಲೆಗೆ ಬಂದು, ಅಲ್ಲಿಂದ ದಂಡೆಗುಂಟ ದಕ್ಷಿಣಕ್ಕೆ ಹೊರಳಿದರು. ಆ ದಾರಿ ಸಮುದ್ರವನ್ನು ನೇರ ತೋರಿಸುವುದಿಲ್ಲ, ಹೊಸ ಸೊಸೆಯ ಹಾಗೆ. ತೆಂಗಿನ ತೋಟದ ಸಂದಿಯಲ್ಲಿ ನೀಲಿ ಸೆರಗಿನ ತುದಿ ಕಂಡಂತಾಗುತ್ತದೆ. ಗೇರುಗಿಡಗಳು ಅಡ್ಡ ಬರುತ್ತವೆ. ಸದ್ದು ಮಾತ್ರ ದಿನವಿಡೀ ಕೇಳುತ್ತದೆ. ಮೂರನೆಯ ದಿನ ಒಂದು ಗುಡ್ಡದ ನೆತ್ತಿಯಲ್ಲಿ ಗಿಡಗಳು ಸರಿದವು. ಕೆಳಗೆ ಕಣ್ಣು ಹರಿದಷ್ಟು ದೂರ ಬರೀ ನೀರು.

ಚಂಪಾಬಾಯಿ ಹಣೆಗೆ ಕೈ ಅಡ್ಡ ಹಿಡಿದು ನೀರಿನ ತುದಿ ಹುಡುಕಿದಳು. ಆಮೇಲೆ ಕೇಳಿದಳು. "ಇದರ ಆಚೀ ದಂಡಿಗೆ ಯಾವ ಊರೈತ್ರಿ?"

"ಅರಬಸ್ತಾನ."

"ಅಲ್ಲಿ ನಮ್ಮವರ ಯಾರರ ಅದಾರೇನ?"

"ಯಾರೂ ಇಲ್ಲ," ಎಂದ ಭೂಪಾಲ, ಹೇಳಲಾರದಷ್ಟು ಸಂತೋಷದಿಂದ.

ಆ ಇಳಿಜಾರಿನಲ್ಲಿ ಅವಳು ತನ್ನ ಬಾಲ್ಯದ ಮಾತು ತೆಗೆದಳು. ದತ್ತವಾಡದ ಹೊಳೆಯಲ್ಲಿ ಗಂಡುಹುಡುಗರನ್ನೂ ಹಿಂದೆ ಹಾಕಿ ಈಸುತ್ತಿದ್ದಳಂತೆ. ಮಳೆಗಾಲದ ನೀರಿನಲ್ಲಿ ಈಚೆ ದಂಡೆಯಿಂದ ಆಚೆ ದಂಡೆಗೆ.

"ನಿನಗ ಈಸು ಬರ್ತೈತಿ?" ಭೂಪಾಲ ಹಗ್ಗ ಬಿಟ್ಟ.

"ಬರ್ತಿತ್ತರಿ. ಇಚಲಕರಂಜಿಗೆ ಬಂದ ಮ್ಯಾಲ ಹಂಡೇದಾಗ ಎಲ್ಲಿ ಈಸಲಿ?" ಅವಳು ನಕ್ಕಳು. ನಕ್ಕು ಸಮುದ್ರದ ಕಡೆ ತಿರುಗಿದಳು. "ಎಷ್ಟ ಸಲ ಕನಸಿನ್ಯಾಗ ಹೊಳ್ಯಾಗ ಇಳದೇನಿ ಅಂತೀರಿ! ಮುಳಗಿ ಏಳೂದ್ರಾಗ ಯಾರರ ಹಾಲ ಉಕ್ಕಿತು ಅಂತ ಒದರತಿದ್ರು."

ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದವಳು ಈಸುಗಾತಿ ಎಂಬುದು ಅವನಿಗೆ ಗೊತ್ತಿರಲಿಲ್ಲ. ಇನ್ನೇನೇನು ಗೊತ್ತಿಲ್ಲವೋ! ಪ್ರಶ್ನೆಯನ್ನು ಇನ್ನು ತಡಮಾಡಬಾರದು. ಆದರೆ ದಾರಿಯಲ್ಲಿ ಎತ್ತಿನ ಬಾಲ ನೋಡುತ್ತ ಕೇಳುವ ಪ್ರಶ್ನೆಯಲ್ಲ ಅದು. ನೇರ ಸಮುದ್ರದ ಎದುರಿಗೇ ಕೇಳಬೇಕು.

ಮಧ್ಯಾಹ್ನ ಒಂದು ಸಣ್ಣ ಬೆಸ್ತರ ಊರಿನ ದಂಡೆ ಸಿಕ್ಕಿತು. ಇಳಿತದ ಹೊತ್ತು. ನೀರು ಹಿಂದೆ ಸರಿದು, ತೊಯ್ದ ಉಸುಕು ಕನ್ನಡಿಯ ಹಾಗೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಭೂಪಾಲ ಎತ್ತುಗಳನ್ನು ಅದರ ಮೇಲೆಯೇ ಹೊಡೆದ.

"ಇಲ್ಲಿ ಬ್ಯಾಡರಿ. ಉಸಕ ಹಸಿ ಐತಿ. ನೀರ ಬಂದ್ರ?"

"ಸಮುದ್ರ ಏನ ನಿಮ್ಮ ದತ್ತವಾಡದ ಹೊಳಿ ಅಲ್ಲ, ಹೊತ್ತಿಲ್ಲ ಗೊತ್ತಿಲ್ಲ ಏರಾಕ. ಅದಕ್ಕ ಅದರದ ಒಂದ ಶಿಸ್ತ ಇರ್ತೈತಿ," ಎಂದ ಭೂಪಾಲ. (ಶಿಸ್ತು ಇತ್ತು. ಅದರ ವೇಳಾಪತ್ರಿಕೆ ಮಾತ್ರ ಅವನ ಬಳಿ ಇರಲಿಲ್ಲ.) ಮಂಚದ ಕಿಟಕಿ ಸಮುದ್ರಕ್ಕೆ ನೇರವಾಗುವಂತೆ ಗಾಡಿ ತಿರುಗಿಸಿ ನಿಲ್ಲಿಸಿದ. ಎತ್ತಿನ ಕೊರಳು ಬಿಚ್ಚುವಷ್ಟು ಸೈರಣೆ ಇರಲಿಲ್ಲ.

ಚಂಪಾಬಾಯಿ ಮೊಳಕಾಲವರೆಗೆ ನೀರಿಗಿಳಿದು ಸಮುದ್ರದ ಕಡೆ ಮುಖಮಾಡಿ ನಿಂತಿದ್ದಳು. ಪಕ್ಕದಲ್ಲಿ ಬೆಸ್ತರ ಹೆಂಗಸೊಬ್ಬಳು ಮೀನಿನ ಬುಟ್ಟಿ, ಕತ್ತಿ ತೊಳೆಯುತ್ತಿದ್ದಳು. ಭೂಪಾಲ ಸುತ್ತು ಹಾಕಿ ನೀರಿನ ಕಡೆಯಿಂದ ಬಂದು, ಸಮುದ್ರಕ್ಕೆ ಬೆನ್ನು ಮಾಡಿ, ಹೆಂಡತಿಯ ಎದುರು ನಿಂತ. ಅವಳ ಮುಖ ನೆಟ್ಟಗೆ ನೋಡಿ ಕೇಳಿದ.

"ಚಂಪಾ, ಆವತ್ತ ಪಸಂದ ಐತಿ ಅಂದಾಂವ ನಿಮ್ಮಪ್ಪ. ನಿನಗ ಪಸಂದ ಇದ್ನೇನ ನಾ?"

"ಏನ್ರಿ?" ಅಲೆಯ ಸದ್ದು ನಾಲ್ಕಲ್ಲ, ನಾನೂರು ಮಗ್ಗದಷ್ಟಿತ್ತು.

"ನಿನಗ ನಾ ಪಸಂದ ಇದ್ನೇನ?"

"ಆಂ?"

ಭೂಪಾಲ ಮಗ್ಗದ ಮನೆಯಲ್ಲಿ ಬೆಳೆಸಿದ ಗಂಟಲನ್ನು ಪೂರ್ತಿ ಬಿಟ್ಟ. "ಪಸಂದ! ನಾ! ನಿನಗ!"

ಪಸಂದ ಎಂಬುದು ಮರಾಠಿಗೂ ತಿಳಿಯುವ ಮಾತು. ದಂಡೆಯ ಮೇಲೆ ಬಲೆ ಹೆಣೆಯುತ್ತಿದ್ದ ಐದಾರು ಮುದುಕರು ಕೈ ನಿಲ್ಲಿಸಿ ತಿರುಗಿದರು. ಬೆಸ್ತರ ಹೆಂಗಸು ಚಂಪಾಬಾಯಿಯನ್ನು ಮೊಳಕೈಯಿಂದ ತಿವಿದಳು. ಚಂಪಾಬಾಯಿಯ ಕಿವಿಯವರೆಗೆ ಕೆಂಪೇರಿತು. ಅವಳು ಸೆರಗು ಸರಿಮಾಡಿಕೊಂಡಳು, ಆಚೆ ಈಚೆ ನೋಡಿದಳು, ತುಟಿ ತೆರೆದಳು. ಹೇಳಿದಳು. ಸಣ್ಣ ದನಿಯಲ್ಲಿ, ನಾಲ್ಕೈದು ಮಾತು. ಅಷ್ಟರಲ್ಲಿ ಭೂಪಾಲನ ಬೆನ್ನ ಹಿಂದೆ ದೊಡ್ಡದೊಂದು ಅಲೆ ಒಡೆದು ಅವನ ಸೊಂಟದವರೆಗೆ ಬಂದು ಬಡಿಯಿತು. ಅವನಿಗೆ ಒಂದಕ್ಷರವೂ ಕೇಳಿಸಲಿಲ್ಲ.

"ಏನಂದಿ?"

"ಎತ್ತು!" ಎಂದು ದಂಡೆಯ ಕಡೆ ತಿರುಗಿ ಕಿರುಚಿದಳು ಚಂಪಾಬಾಯಿ.

ಇಪ್ಪತ್ತೆರಡು ವರ್ಷ ಕಾದು ಕೇಳಿದ ಪ್ರಶ್ನೆಗೆ ಇಂಥ ಉತ್ತರ ಬಂದೀತೆಂದು ಭೂಪಾಲ ಎಣಿಸಿರಲಿಲ್ಲ. "ನಾ... ಎತ್ತ?" ಎಂದ.

"ನೀವಲ್ಲರೀ! ಎತ್ತು! ಎತ್ತು ನೋಡ್ರಿ!"

ನೋಡಿದ. ಉಬ್ಬರ ಶುರುವಾಗಿ, ಅದೇ ಅಲೆ ಗಾಲಿಗಳನ್ನು ಸುತ್ತಿತ್ತು. ಕೊಂಕಣದ ನೀರು ಎಂದೂ ಕಾಣದ ರಾಜ್ಯಾ ಬೆದರಿ ಎಡಕ್ಕೆ ಎಳೆದಿದ್ದ, ನೆಟ್ಟಗಿನವನು ಎನಿಸಿಕೊಂಡ ಸರಜ್ಯಾ ಬಲಕ್ಕೆ ಎಳೆದಿದ್ದ. ಕನ್ನಡಿಯಂಥ ಉಸುಕು ಅಂಬಲಿಯಾಗಿ, ಗಾಡಿಯ ಎಡಗಡೆಯ ಗಾಲಿಗಳು ಅಚ್ಚಿನವರೆಗೆ ಇಳಿದಿದ್ದವು. ಎರಡನೆಯ ಅಲೆಗೆ ಎತ್ತುಗಳ ಎದೆಯ ಮಟ್ಟಕ್ಕೆ ನೀರು. ನೊಗ ಕೊರಳನ್ನು ಒತ್ತಿ ರಾಜ್ಯಾನ ಮೂತಿ ಮುಳುಗೆದ್ದಿತು.

ಭೂಪಾಲ ಓಡಿ ಗಾಡಿ ಹತ್ತಿ ಸ್ಟೇರಿಂಗು ಹಿಡಿದ. (ಯಾಕೆ ಎಂದು ಅವನನ್ನು ಆಮೇಲೆ ಎಷ್ಟೋ ಜನ ಕೇಳಿದರು.) ಅವನು ಅದನ್ನು ತಿರುಗಿಸುತ್ತಿದ್ದ ಹಾಗೆ ಚಂಪಾಬಾಯಿ ಬೆಸ್ತರ ಹೆಂಗಸಿನ ಕೈಯಿಂದ ಮೀನು ಕೊಯ್ಯುವ ಕತ್ತಿ ಕಸಿದುಕೊಂಡಳು. ವ್ರತ ಗಿತ ನೆನೆಯಲಿಲ್ಲ. ಕಚ್ಚೆ ಬಿಗಿದು ಅಲೆಗೆ ತಲೆಕೊಟ್ಟು ಮುಳುಗಿ, ಎತ್ತುಗಳ ಮುಂದೆ ಎದ್ದಳು. ಕೊರಳಪಟ್ಟಿ ಒಂದು ಕೊಯ್ದಳು, ಮತ್ತೆ ಮುಳುಗಿದಳು, ಇನ್ನೊಂದು ಕೊಯ್ದಳು. ರಾಜ್ಯಾನ ಕೋಡು ಹಿಡಿದು ದಂಡೆಯ ಕಡೆ ತಿರುಗಿಸಿದಳು. ಸರಜ್ಯಾ ಹಿಂದೆ ಬಂದ. ಆಮೇಲೆ ಮೂರನೆಯ ಸಲ ಹೋಗಿ, ಸ್ಟೇರಿಂಗು ಬಿಡಲು ಒಪ್ಪದೆ "ನನಗ ಈಸ ಬರಾಂಗಿಲ್ಲ!" ಎಂದು ಒದರುತ್ತಿದ್ದ ಗಂಡನನ್ನು ತಂದಳು.

ಸಂಜೆಯ ಹೊತ್ತಿಗೆ ಕಾರವಾನು ಒಂದು ಮಗ್ಗುಲಿಗೆ ಮಲಗಿ, ಕಿಟಕಿಗಳಿಂದ ಸಮುದ್ರವನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಬೆಸ್ತರು ಹಗ್ಗ ಹಾಕಿ ಹಾಸಿಗೆಯನ್ನೂ ದೇವರ ಮೂರ್ತಿಯನ್ನೂ ಉಳಿಸಿದರು. ಚಂಪಾಬಾಯಿ ತೊಯ್ದ ಕೂದಲು ಬೆನ್ನಿಗೆ ಬಿಟ್ಟು ಉಸುಕಿನ ಮೇಲೆ ಕೂತಿದ್ದಳು. ಅಷ್ಟು ಉದ್ದ ಕೂದಲು ಬಿಚ್ಚಿದ್ದನ್ನು ಭೂಪಾಲ ಹಗಲಿನಲ್ಲಿ ಕಂಡಿರಲಿಲ್ಲ. ಅವಳ ಮುಖದಲ್ಲಿ ಹದಿನಾರು ವರ್ಷದ ಯಾವುದೋ ಹುಡುಗಿ ಇಣುಕುತ್ತಿದ್ದಳು. ಅವನು ಮೆಲ್ಲಗೆ ಹತ್ತಿರ ಕೂತ.

"ಆವಾಗ ಏನಂದಿ?"

"ಎತ್ತು ಅಂದೆ."

"ಅದಕಿಂತಾ ಮದಲ?"

"ಅದಕಿಂತಾ ಮದಲ ಏನ ಹೇಳಬೇಕಿತ್ತೋ ಅದನ್ನ ಹೇಳೇನಿ."

"ನನಗ ಕೇಳಸಲಿಲ್ಲ."

"ಅಯ್ಯ! ಇಪ್ಪತ್ತೆರಡ ವರ್ಷ ಬಿಟ್ಟ ಕೇಳೀರಿ. ಇನ್ನ ಇಪ್ಪತ್ತೆರಡ ವರ್ಷಕ್ಕ ಮತ್ತೊಮ್ಮೆ ಹೇಳ್ತೇನಿ," ಎಂದು ಅವಳು ಕೂದಲು ಹಿಂಡಿದಳು.

ಭೂಪಾಲ ನಾಚಿಕೆ ಬಿಟ್ಟು ಬೆಸ್ತರ ಹೆಂಗಸಿನ ಬಳಿ ಹೋದ. ಅವಳ ಹೆಸರು ಜನಾಬಾಯಿ. ತನ್ನ ಹೆಂಡತಿ ಹೇಳಿದ್ದು ಕೇಳಿಸಿತೇ ಎಂದು ಮರಾಠಿಯಲ್ಲಿ ವಿಚಾರಿಸಿದ.

"ತುಮಚೀ ಭಾಷಾ ಮಲಾ ಕುಠಂ ಕಳತೆ, ದಾದಾ?" ಎಂದಳು ಜನಾಬಾಯಿ. ಕೇಳಿಸಿತ್ತು, ನಿಮ್ಮ ಭಾಷೆ ತನಗೆಲ್ಲಿ ತಿಳಿಯಬೇಕು ಎಂದು. ಆಮೇಲೆ ಕರುಣೆಯಿಂದ ಇನ್ನೊಂದು ಮಾತು ಸೇರಿಸಿದಳು. "ಪಣ ಹಸತ ಹೋತೀ." ನಗುತ್ತಿದ್ದಳು ಎಂದು.

ನಗುತ್ತಿದ್ದಳು! ಹೌದು ಎಂದು ನಕ್ಕಳೋ, ನಿಮ್ಮನ್ನ್ಯಾರು ಪಸಂದ ಮಾಡತಾರ ಎಂದು ನಕ್ಕಳೋ?

ಮರುದಿನ ಮುಂಜಾನೆ ಗಡಹಿಂಗ್ಲಜದ ಕಡೆ ಹೋಗುವ ಸರ್ವಿಸ್ ಬಸ್ಸು ಸಿಕ್ಕಿತು. ಕಾಕಾಸಾಹೇಬ ಮುಂದೆ ಊರಿಗೆ ಮುಟ್ಟಿಸುತ್ತಾನೆ. ಆದರೆ ಎತ್ತುಗಳಿಗೆ ಬಸ್ಸಿನಲ್ಲಿ ಜಾಗವಿಲ್ಲ.

"ಇಲ್ಲೇ ಮಾರಿಬಿಡೂಣೇನ?" ಎಂದ ಭೂಪಾಲ, ಆಸೆಯಿಂದ.

"ಎತ್ತು ಮಾರಿ ಮನಿಗೆ ಹೋದ್ರ ಅತ್ತಿಯವರು ನಿಮ್ಮನ್ನ ನೊಗಕ್ಕ ಹೂಡ್ತಾರ. ನೀವು ಹೊಡಕೊಂಡ ಬರ್ರಿ. ನಾ ಮುಂದ ಹೋಗಿರ್ತೇನಿ."

ಅವಳು ಹತ್ತಿ ಹೆಂಗಸರ ಸಾಲಿನಲ್ಲಿ ಕೂತಳು. ಬಸ್ಸು ಗುಡುಗಿತು. ಭೂಪಾಲ ಎರಡು ಹಗ್ಗ ಹಿಡಿದು ಕೆಳಗೆ ನಿಂತಿದ್ದ. ಗಾಡಿ ಇನ್ನೇನು ಸರಿಯಬೇಕು, ಚಂಪಾಬಾಯಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದಳು.

"ಲಗೂ ಬರ್ರಿ!"

ಭೂಪಾಲನಿಗೆ ಯಾರೂ ಎಂದೂ ಲಗೂ ಬಾ, ಬೇಗ ಬಾ ಎಂದಿರಲಿಲ್ಲ. ಅವನು ಎಲ್ಲಿಗೂ ಹೋದವನೇ ಅಲ್ಲ. ಧೂಳು ಕೂತು, ಬಸ್ಸಿನ ಸದ್ದು ಗೇರುಗಿಡಗಳ ಆಚೆ ಕರಗಿಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಆಮೇಲೆ ಎತ್ತುಗಳಿಗೆ "ನಡೀರ್ಯೋ" ಎಂದ. ಹೆಂಡತಿಯೊಬ್ಬಳೊಂದಿಗೇ ಇರಬೇಕೆಂದು ಇಷ್ಟು ದೂರ ಬಂದವನು ಈಗ ಎರಡು ಎತ್ತುಗಳೊಂದಿಗೆ, ಏಕಾಂತದಲ್ಲಿ, ಎಂಟು ದಿನದ ದಾರಿ ಹಿಡಿದ. ಅವನಿಗೆ ಅವಸರ, ಅವಕ್ಕೆ ಇರಲಿಲ್ಲ.

ಅಂಬೋಲಿಯ ಮೇಲೆ ಎದುರಾದ ಗಾಡಿಯವನೊಬ್ಬ ಬೀಡಿ ಹಚ್ಚಿಕೊಳ್ಳುತ್ತ ಕನ್ನಡದಲ್ಲಿ ಕೇಳಿದ. "ಎಲ್ಲಿಂದ ಬಂದ್ರಿ?"

"ಸಮುದ್ರ ನೋಡಾಕ ಹೋಗಿದ್ದೆ."

"ಹೌದ? ನಾ ಒಮ್ಮೆನೂ ನೋಡಿಲ್ಲ. ಹೆಂಗಿರ್ತೈತ್ರಿ?"

ಭೂಪಾಲ ಬಾಯಿ ತೆರೆದ. ತಾನು ಸಮುದ್ರ ನೋಡಿದ್ದಾದರೂ ಯಾವಾಗ? ಗುಡ್ಡದ ಮೇಲೆ ಅವನು ಅವಳ ಮುಖ ನೋಡುತ್ತಿದ್ದ. ನೀರಿನಲ್ಲಿ ಅದಕ್ಕೆ ಬೆನ್ನು ಮಾಡಿ ನಿಂತಿದ್ದ. ಸಂಜೆ ಅವಳ ಕೂದಲು ನೋಡುತ್ತ ಕೂತಿದ್ದ.

"ಭಾಳ ಸಪ್ಪಳ ಮಾಡ್ತೈತಿ," ಎಂದ. "ಸರೀರಿ ಅತ್ಲಾಗ, ದಾರಿ ಬಿಡ್ರಿ. ಮನಿಯಾಗ ಲಗೂ ಬಾ ಅಂದಾರ."